ಸತ್ತವಳ ಹೆಸರಿನಲ್ಲಿ ಕಲಿತ ಅಕ್ಷರ

ನನ್ನ ಮೊಮ್ಮಗಳಿಗೆ ನೌಕರಿ ಸಿಕ್ಕಿತು! ಶಿವಾಜಿನಗರದ ಹತ್ತಿರದ ದೊಡ್ಡ ಆಸ್ಪತ್ರೆಯೊಂದರ ಹೊಲಿಗೆ ಕೋಣೆಯಲ್ಲಿ, ಫ್ಯಾನಿನ ಕೆಳಗೆ ಕುರ್ಚಿಯ ಮೇಲೆ ಕೂತು ಮಾಡುವ ಕೆಲಸ. ನಮ್ಮ ಮನೆತನದಲ್ಲಿ ನೆರಳಿನಲ್ಲಿ ಕೂತು ದುಡಿದವರು ಅವಳಿಗಿಂತ ಮೊದಲು ಯಾರೂ ಇಲ್ಲ. ಆ ಸೋಮವಾರ ಮರ್ಫಿ ಟೌನಿನ ನಮ್ಮ ಓಣಿಯಲ್ಲಿ ನಾನು ನಿಲ್ಲಿಸಿ ಮಾತಾಡಿಸದ ಮನುಷ್ಯರಿಲ್ಲ. ನಲ್ಲಿಯ ಮುಂದೆ ಕೊಡ ಇಟ್ಟುಕೊಂಡು ನಿಂತವರಿಗೆ ಹೇಳಿದೆ, ಇಸ್ತ್ರಿ ಗಾಡಿಯವನಿಗೆ ಹೇಳಿದೆ, ಎರಡು ವರ್ಷದಿಂದ ಮಾತು ಬಿಟ್ಟಿದ್ದ ಮನೆ ಮಾಲೀಕರ ಹೆಂಡತಿಯನ್ನೂ ಕರೆದು ಹೇಳಿದೆ. ಆಕೆ ಜಗಳ ಮರೆತು ತಮ್ಮ ತಮಿಳಿನಲ್ಲಿ "ರೊಂಬ ಸಂತೋಷಮ್ಮ" ಎಂದು ನನ್ನ ಕೈ ಹಿಡಿದುಕೊಂಡರು.

ಇಷ್ಟು ವರ್ಷದ ಮೇಲೆ ಬರೆಯುವಾಗಲೂ ನನ್ನ ಎದೆ ಹಾಗೇ ಹಿಗ್ಗುತ್ತದೆ. ಆದರೆ ಆ ನೌಕರಿ ಅವಳ ಕೈ ತಪ್ಪುವ ಹಾಗೆ ಮಾಡಿದ್ದವಳೂ ನಾನೇ. ಅದನ್ನು ಬಿಟ್ಟು ಬರೆದರೆ ಸುಳ್ಳಾಗುತ್ತದೆ. ಈ ಹಾಳೆಗಳನ್ನು ತಿದ್ದಿಕೊಟ್ಟವಳು ಮೊಮ್ಮಗಳೇ. ಕೆಲವು ಮಾತು ತೆಗೆಯೋಣ ಎಂದಳು. ನಾನು ಬಿಡಲಿಲ್ಲ.

ನಾವು ಯಾದಗಿರಿ ಕಡೆಯವರು. ಮಗ, ಸೊಸೆ, ಮೊಮ್ಮಗಳು, ನಾನು, ನಾಲ್ಕೂ ಜನ ಬೆಂಗಳೂರಿಗೆ ಬಂದದ್ದು ಮನೆ ಕಟ್ಟುವ ಕೆಲಸಕ್ಕೆ. ಇಂದಿರಾನಗರದಲ್ಲಿ ಒಂದು ಮನೆ ಮೇಲೆದ್ದ ಕೂಡಲೇ ನಮ್ಮ ತಗಡಿನ ಶೆಡ್ಡು ಕೀಳುತ್ತಿದ್ದರು. ಮುಂದಿನ ಶೆಡ್ಡು ಕೆ.ಆರ್. ಪುರದಲ್ಲಿ. ಹೀಗೆ ತಿರುಗುವುದರಲ್ಲಿ ಹುಡುಗಿಗೆ ಶಾಲೆ ಎಂಬುದು ಆಗಲೇ ಇಲ್ಲ. ಮರ್ಫಿ ಟೌನಿನಲ್ಲಿ ಬಾಡಿಗೆ ಕೋಣೆ ಹಿಡಿಯುವ ಹೊತ್ತಿಗೆ ಅವಳಿಗೆ ಹತ್ತೊಂಬತ್ತು. ಎರಡನೆಯ ಇಯತ್ತೆ ಓದಿದ ನಾನೇ ನಮ್ಮ ಮನೆಯ ಪಂಡಿತಳು. ಬಸ್ಸಿನ ಬೋರ್ಡು ಓದಿ ಎಲ್ಲರನ್ನೂ ಹತ್ತಿಸುತ್ತಿದ್ದೆ.

ಆ ವರ್ಷ ಸಿಮೆಂಟು ಅವಳ ಅಂಗೈಯನ್ನು ತಿಂದುಹಾಕಿತು. ಚರ್ಮ ಬಿರುಕು ಬಿಟ್ಟು ನೀರು ಒಸರುತ್ತಿತ್ತು. ರೊಟ್ಟಿಗೆ ಚಟ್ನಿ ಹಚ್ಚಿಕೊಳ್ಳಲಾರದೆ ಬರೀ ರೊಟ್ಟಿ ತಿನ್ನುತ್ತಿದ್ದಳು. ಡಾಕ್ಟರು, "ಇನ್ಮೇಲೆ ಸಿಮೆಂಟ್ ಮುಟ್ಟಿದ್ರೆ ಈ ಕೈ ಕೆಲಸಕ್ಕೆ ಬರಲ್ಲಮ್ಮ" ಎಂದುಬಿಟ್ಟರು. ಗಾರೆ ಕೆಲಸ ಬಿಟ್ಟರೆ ಅವಳಿಗೆ ಗೊತ್ತಿದ್ದ ಬೇರೆ ಕೆಲಸ ಯಾವುದು? ಅಕ್ಷರ ಬಾರದವಳನ್ನು ಒಳಗೆ ಕೂರಿಸಿ ಕೆಲಸ ಕೊಡುವವರು ಯಾರು?

ಆಗ ಅವಳೇ ಒಂದು ಸುದ್ದಿ ತಂದಳು. ನಮ್ಮ ಓಣಿಯಿಂದ ಎರಡು ಓಣಿ ಆಚೆ ಒಂದು ಬುದ್ಧ ವಿಹಾರವಿತ್ತು. ತಗಡಿನ ಮಾಡಿನ ಉದ್ದನೆಯ ಹಾಲ್, ಒಂದು ತುದಿಯಲ್ಲಿ ಬುದ್ಧನ ಮೂರ್ತಿ, ಗೋಡೆಯ ಪಕ್ಕ ಕಾಲಿನಿಂದ ತುಳಿಯುವ ನಾಲ್ಕು ಹೊಲಿಗೆ ಮಷಿನ್ನು. ಅಲ್ಲಿ ದಿನಾ ಸಂಜೆ ದೊಡ್ಡವರಿಗೆ ಓದುಬರಹ ಮತ್ತು ಹೊಲಿಗೆ ಒಟ್ಟಿಗೆ ಕಲಿಸುತ್ತಾರಂತೆ. ಯಾವ ಧರ್ಮದವರಾದರೂ ಬರಬಹುದಂತೆ. ಚಹಾವನ್ನೂ ಕೊಡುತ್ತಾರಂತೆ. ಏನೂ ಕೊಡಬೇಕಿಲ್ಲವಂತೆ.

ಈ ಕೊನೆಯ 'ಅಂತೆ' ನನ್ನ ಗಂಟಲಲ್ಲಿ ಇಳಿಯಲಿಲ್ಲ.

"ಪುಕ್ಕಟ ಯಾರ ಕಲಿಸ್ತಾರಬೇ? ಮಷಿನ್ ಅವರದು, ದಾರ ಅವರದು, ಚಾ ಸೈತ ಅವರದ. ನಿನ್ನಿಂದ ಅವರಿಗೇನ ಬೇಕಾಗೇತಿ?"

"ಏನೂ ಬೇಕಿಲ್ಲಂತ, ಆಯಿ." ನಮ್ಮ ಕಡೆ ಅಜ್ಜಿಗೆ ಆಯಿ ಎನ್ನುತ್ತಾರೆ. "ಹೆಸರು ಬರಸಬೇಕಂತ, ಅಷ್ಟ."

"ಹಾಂ! ನೋಡ ಮತ್ತ. ಹೆಸರು!"

ನನಗೆ ಹೆಸರಿನ ವಿಷಯ ಚೆನ್ನಾಗಿ ಗೊತ್ತಿತ್ತು. ಹಿಂದೆ ಶೆಡ್ಡಿನಲ್ಲಿದ್ದಾಗ ಒಬ್ಬ ಬಿಳಿ ಅಂಗಿಯವನು ಬಂದು ಸೈಟು ಕೊಡಿಸುತ್ತೇನೆಂದು ನಮ್ಮೆಲ್ಲರ ಹೆಸರು ಬರೆದುಕೊಂಡು ಹೋಗಿದ್ದ. ತಿಂಗಳ ಮೇಲೆ ಲಾರಿ ಬಂತು. ಪಟ್ಟಿ ಹಿಡಿದು ಒಬ್ಬೊಬ್ಬರ ಹೆಸರು ಕೂಗಿ ಹತ್ತಿಸಿಕೊಂಡು ಯಾವುದೋ ಪಕ್ಷದ ಸಭೆಯಲ್ಲಿ ಬಿಸಿಲಿಗೆ ಕೂರಿಸಿದರು. ಸೈಟನ್ನು ಇವತ್ತಿನವರೆಗೆ ನೋಡಿಲ್ಲ.

ಇನ್ನೊಂದು ಕಾರಣ ಇದಕ್ಕಿಂತ ಹಳೆಯದು. ನನ್ನ ತಾಯಿಗೆ ಮೊದಲ ಮೂರು ಕೂಸು ದಕ್ಕಲಿಲ್ಲ. ನಾನು ಹುಟ್ಟಿದ ದಿನ ನನ್ನನ್ನು ಮೊರದಲ್ಲಿ ಹಾಕಿ ತಿಪ್ಪೆಯ ಮೇಲೆ ಹೊರಳಾಡಿಸಿ, ತಿಪ್ಪೆಯ ಹೆಸರನ್ನೇ ನನಗೆ ಇಟ್ಟರು. ಇಂಥ ಕಸದ ಹೆಸರಿನ ಕೂಸನ್ನು ಸಾವು ಕಣ್ಣೆತ್ತಿಯೂ ನೋಡುವುದಿಲ್ಲ ಎಂದು ನಮ್ಮ ಕಡೆಯ ನಂಬಿಕೆ. ನಾನು ಉಳಿದೆ. ಹೆಸರು ಬೇರೆ ಹೇಳಿ ಜೀವ ಉಳಿಸಬಹುದು ಎಂಬುದು ನನಗೆ ಯಾರೋ ಹೇಳಿದ ಮಾತಲ್ಲ, ನನ್ನ ಮೈಯೇ ಅದಕ್ಕೆ ಸಾಕ್ಷಿ.

ಹಾಗಾಗಿ ಮೊದಲ ದಿನ ಅವಳ ಜೊತೆ ನಾನೇ ಹೋದೆ. ಟೀಚರಮ್ಮ ಬಾಗಿಲ ಬಳಿ ಮೇಜಿನ ಹಿಂದೆ ಕೂತಿದ್ದರು. ಕಾರ್ಪೊರೇಷನ್ ಶಾಲೆಯಲ್ಲಿ ಹೊಲಿಗೆ ಕಲಿಸಿ ರಿಟೈರಾದವರು, ಬಿಳಿ ಸೀರೆ, ಕನ್ನಡಕಕ್ಕೆ ಕಟ್ಟಿದ ದಾರ. ಮುಂದೆ ಕೆಂಪು ರಟ್ಟಿನ ದಪ್ಪ ರಿಜಿಸ್ಟರು.

"ಬಾಮ್ಮ, ಹೆಸರೇನು?"

ಹುಡುಗಿ ಬಾಯಿ ತೆರೆಯುವ ಮೊದಲೇ ನಾನು ಹೇಳಿಬಿಟ್ಟೆ. ಹೇಳಿದ್ದು ಅವಳ ಹೆಸರನ್ನಲ್ಲ, ತೀರಿಹೋಗಿದ್ದ ನನ್ನ ನಾದಿನಿಯ ಹೆಸರನ್ನು. ಹುಡುಗಿ ನನ್ನ ಕಡೆ ತಿರುಗಿದಳು. ಸೆರಗಿನ ಮರೆಯಲ್ಲಿ ಅವಳ ಸೊಂಟ ಚಿವುಟಿದೆ. ಟೀಚರಮ್ಮ ಬರೆದುಕೊಂಡರು.

ಹೊರಗೆ ಬಂದ ಮೇಲೆ ಅವಳು ಓಣಿಯ ನಡುವೆಯೇ ನಿಂತಳು. "ಆಯಿ, ಅಕಿ ಸತ್ತು ಹತ್ತು ವರ್ಷ ಆತಲ್ಲ!"

"ಅದಕ್ಕ ಅಕಿ ಹೆಸರ ಹೇಳೀನಿ. ಅವರ ಧರ್ಮಕ್ಕ ಸೇರಿಸಿಕೊಂಡ್ರ ಅಕಿನ್ನ ಸೇರಿಸಿಕೊಳ್ಳಲಿ. ಲಾರಿ ತಂದು ಹೆಸರ ಕೂಗಿದ್ರ ಅಕಿನ ಹೋಗಿ ಹತ್ತಲಿ."

ಹುಡುಗಿಗೆ ನಗುವುದೋ ಅಳುವುದೋ ತಿಳಿಯಲಿಲ್ಲ. ಕಲಿಯುವ ಆಸೆ ದೊಡ್ಡದಿತ್ತು, ಒಪ್ಪಿಕೊಂಡಳು.

ಅವಳು ಕಲಿಯತೊಡಗಿದಳು, ನಾನು ಕಾಯತೊಡಗಿದೆ. ತರಕಾರಿಯ ನೆಪದಲ್ಲಿ ವಿಹಾರದ ಮುಂದೆ ಎರಡೆರಡು ಸಲ ಹಾಯುತ್ತಿದ್ದೆ. ಮನೆಗೆ ಬಂದ ಮೇಲೆ ಏನು ತಿಂದೆ, ಯಾರು ಮಾತಾಡಿಸಿದರು, ಏನಾದರೂ ಮಂತ್ರ ಹೇಳಿಕೊಟ್ಟರೇ ಎಂದು ಕೇಳುತ್ತಿದ್ದೆ. ಒಂದು ದಿನ ಅವಳ ಚೀಲ ತಡಕಿದೆ. ವಿಚಿತ್ರವಾಗಿ ಕತ್ತರಿಸಿದ ಕಾಗದದ ತುಂಡೊಂದು ಸಿಕ್ಕಿತು. ಬಿಸಿಲಿಗೆ ಹಿಡಿದು ಕೂಡಿಸಿ ಕೂಡಿಸಿ ಓದಿದೆ. 'ಎದೆ', 'ತೋಳು', 'ಸೊಂಟ'. ಯಾವನೋ ಬರೆದ ಓಲೆ!

ಮಗ ಕೆಲಸದಿಂದ ಬರುವ ತನಕವೂ ತಡೆಯದೆ ಸೊಸೆಯ ಮುಂದೆ ಹಾಕಿದೆ. "ನೋಡ ನಿನ್ನ ಮಗಳ ವಿದ್ಯಾ! ಬುದ್ಧನ ಮುಂದ ಕುಂತು ಇದನ್ನ ಓದಲಿಕ್ಕ ಹೋಗ್ತಾಳ."

ಸೊಸೆಗೆ ಓದು ಬಾರದು. ಕಾಗದವನ್ನು ತಿರುಗಿಸಿ ತಿರುಗಿಸಿ ನೋಡಿ, ತನ್ನ ಕುಪ್ಪಸದ ತೋಳಿನ ಮೇಲೆ ಇಟ್ಟುಕೊಂಡಳು. ಸರಿಯಾಗಿ ಕೂತಿತು. "ಅತ್ತಿ, ಇದು ಕುಪ್ಪಸ ಕತ್ತರಿಸೋ ಅಳತಿ ಕಾಗದ," ಎಂದು ಬಾಯಿಗೆ ಸೆರಗು ಒತ್ತಿಕೊಂಡು ನಗತೊಡಗಿದಳು.

ಟೀಚರಮ್ಮ ಕಲಿಸುವ ರೀತಿಯೇ ಹಾಗಿತ್ತು. ಅ ಆ ಇ ಈ ಎಂದು ಮೊದಲಿನಿಂದ ಹಿಡಿಯುವುದಿಲ್ಲ. ಕುಪ್ಪಸ ಕತ್ತರಿಸಬೇಕೇ, ಹಾಗಾದರೆ 'ತೋಳು' ಬರೆಯಲು ಕಲಿ. ಟೇಪು ಹಿಡಿಯಬೇಕೇ, ಅಂಕಿ ಓದಲು ಕಲಿ. ಗಿರಾಕಿಯ ಬಟ್ಟೆ ಬದಲಾಗಬಾರದೇ, ಅವರ ಹೆಸರು ಬರೆದ ಚೀಟಿ ಪಿನ್ನು ಮಾಡು. ಅಳತೆ ತಪ್ಪಿದರೆ ಬಟ್ಟೆಯೇ ಹೇಳುತ್ತದೆ, ನಾನು ಬೈಯುವುದೇ ಬೇಕಿಲ್ಲ ಎನ್ನುತ್ತಿದ್ದರಂತೆ. ಬುದ್ಧಿವಂತೆ ಎಂದುಕೊಂಡೆ. ಬುದ್ಧಿವಂತರ ಮೇಲೆ ನನಗೆ ಇನ್ನೂ ಸ್ವಲ್ಪ ಜಾಸ್ತಿ ಗುಮಾನಿ.

ಬೇಸಿಗೆಯಲ್ಲಿ ಬುದ್ಧನ ಹುಣ್ಣಿಮೆ ಬಂತು. ಅಂದು ಎಲ್ಲರೂ ಬಿಳಿ ಬಟ್ಟೆಯಲ್ಲಿ ಬರುತ್ತಾರೆ, ತಾನೂ ಅವ್ವನ ಹಳೆಯ ಬಿಳಿ ಸೀರೆ ಉಟ್ಟು ಹೋಗಲೇ ಎಂದು ಹುಡುಗಿ ಕೇಳಿದಳು. ನಾನು ಚಪ್ಪಲಿ ಮೆಟ್ಟಿ ನೇರ ವಿಹಾರಕ್ಕೆ ನಡೆದೆ.

"ಏನ್ರಿ ಟೀಚರಮ್ಮ, ಮದುವಿ ಆಗಲಾರದ ಹುಡುಗಿಗೆ ಬಿಳಿ ಸೀರಿ ಉಡಸ್ತೀರೇನು? ನೀವೇನೋ ಪಾಪ, ಗಂಡನ್ನ ಕಳಕೊಂಡವರು…"

ಅವರು ಮಷಿನ್ ನಿಲ್ಲಿಸಿ ಕನ್ನಡಕದ ಮೇಲಿಂದ ನೋಡಿದರು. "ಯಾರು ಹೇಳಿದ್ದು ನಿಮ್ಗೆ? ನಮ್ಮೆಜಮಾನ್ರು ಮನೇಲಿ ಕಾಲ್ ಮೇಲೆ ಕಾಲ್ ಹಾಕ್ಕೊಂಡು ಪೇಪರ್ ಓದ್ತಾ ಕೂತಿದ್ದಾರೆ. ಕಳ್ಸ್ಲಾ, ನೋಡ್ತೀರಾ?"

ಮಷಿನ್ ಮೇಲಿದ್ದ ಹೆಂಗಸರೆಲ್ಲ ನಕ್ಕರು. ನಾನು ಕದಲಲಿಲ್ಲ.

"ಬಿಳಿ ನಮ್ಮವರಿಗಮ್ಮ, ಹುಣ್ಣಿಮೆಗೆ ಉಡ್ತೀವಿ. ನಿಮ್ಮ ಹುಡುಗಿ ಹಸಿರು ಉಟ್ಕೊಂಡ್ ಬರ್ಲಿ, ಕೆಂಪು ಉಟ್ಕೊಂಡ್ ಬರ್ಲಿ, ಯಾರು ಬೇಡ ಅಂದ್ರು? ನೀವೂ ಬನ್ನಿ. ಕಣ್ಣಾರೆ ನೋಡಿದ್ರೆ ಸಮಾಧಾನ ಆಗುತ್ತೆ."

ಹೋದೆ. ಹುಡುಗಿ ಹಸಿರು ಸೀರೆಯಲ್ಲಿ, ನಾನು ಹಿಂದಿನ ಗೋಡೆಗೆ ಒರಗಿ, ಬಾಗಿಲಿಗೆ ಹತ್ತಿರ. ಮಷಿನ್ನುಗಳಿಗೆ ಬಟ್ಟೆ ಹೊದಿಸಿದ್ದರು. ಬಿಳಿ ಬಟ್ಟೆಯವರು ಕೈಮುಗಿದು ನನಗೆ ತಿಳಿಯದ ಭಾಷೆಯಲ್ಲಿ ಐದು ಮಾತು ಹೇಳಿದರು. ಹಿರಿಯರೊಬ್ಬರು ಅದನ್ನು ಕನ್ನಡದಲ್ಲಿ ಬಿಡಿಸಿದರು. ಜೀವ ಕೊಲ್ಲುವುದಿಲ್ಲ, ಕೊಡದದ್ದನ್ನು ತೆಗೆದುಕೊಳ್ಳುವುದಿಲ್ಲ, ಹೀಗೆ. ನಮ್ಮ ಹುಡುಗಿಗೆ ಹೇಳು ಎಂದು ಯಾರೂ ಹೇಳಲಿಲ್ಲ. 'ಸುಳ್ಳು ಹೇಳುವುದಿಲ್ಲ' ಎಂಬ ಮಾತು ಬಂದಾಗ ಅವಳು ಕೂತಲ್ಲಿಂದಲೇ ಹಿಂತಿರುಗಿ ನನ್ನನ್ನು ನೋಡಿದಳು. ನಾನು ಪಾಯಸದ ಪಾತ್ರೆ ನೋಡಿದೆ. ಆಮೇಲೆ ಪಾಯಸ ಕೊಡಲು ಬಂದವರಿಗೆ ಉಪವಾಸ ಎಂದೆ.

ಹತ್ತು ತಿಂಗಳಾಯಿತು. ಅವಳ ಅಂಗೈ ಮೆತ್ತಗಾಯಿತು. ಲಂಗ, ಕುಪ್ಪಸ, ದಿಂಬಿನ ಚೀಲ ಹೊಲಿಯಲು ಬಂತು. ಬಸ್ಸಿನ ಬೋರ್ಡನ್ನು ನನಗಿಂತ ಮೊದಲು ಓದುತ್ತಿದ್ದಳು. ವಿಹಾರದವರು ಸರ್ಟಿಫಿಕೇಟು ಕೊಟ್ಟರು. ಅದರ ಮೇಲಿದ್ದ ಹೆಸರು ಅಷ್ಟರಲ್ಲಿ ನಮಗೆ ರೂಢಿಯಾಗಿಬಿಟ್ಟಿತ್ತು. ಟೀಚರಮ್ಮನೇ ಆಸ್ಪತ್ರೆಯ ಕೆಲಸದ ಸುದ್ದಿ ಹೇಳಿ, ಅರ್ಜಿ ಹೇಗೆ ಬರೆಯಬೇಕೆಂದು ತೋರಿಸಿದರು. ಶುಕ್ರವಾರ ಬಾ ಎಂದು ಆಸ್ಪತ್ರೆಯಿಂದ ಕರೆ ಬಂತು.

ನಾನೂ ಜೊತೆಗೆ ಹೋಗಿ ಬೆಂಚಿನ ಮೇಲೆ ಕೂತೆ. ಮೇಜಿನ ಹಿಂದಿನ ಗುಮಾಸ್ತರು ಹಾಳೆ ಮುಂದೆ ತಳ್ಳಿದರು. "ಇಲ್ಲಿ ಹೆಸರು ಬರೆದು ಸೈನ್ ಮಾಡಮ್ಮ." ಹುಡುಗಿ ಸರಸರನೆ ಬರೆದಳು. ಗುಮಾಸ್ತರು ರೇಷನ್ ಕಾರ್ಡು ನೋಡಿದರು, ಸರ್ಟಿಫಿಕೇಟು ನೋಡಿದರು, ಮತ್ತೆ ಹಾಳೆ ನೋಡಿದರು.

"ಏನಮ್ಮ ಇದು? ಕಾರ್ಡಲ್ಲಿ ಒಂದ್ ಹೆಸ್ರು, ಸರ್ಟಿಫಿಕೇಟಲ್ಲಿ ಇನ್ನೊಂದ್ ಹೆಸ್ರು. ಇವಳು ಯಾರು?"

ಅವಳು ಬರೆದಿದ್ದದ್ದು ನನ್ನ ನಾದಿನಿಯ ಹೆಸರು. ಹತ್ತು ತಿಂಗಳು ದಿನಾ ಹಾಜರಿಗೆ ಬರೆದು ಕೈ ಪಳಗಿದ್ದು ಅದೊಂದೇ ಹೆಸರಿಗೆ. "ನಂದು ಕಾರ್ಡಲ್ಲಿರೋದು ಸರ್," ಎಂದಳು. "ಹಾಗಾದ್ರೆ ಅದನ್ನ ಬರಿ," ಎಂದರು. ಪೆನ್ನು ಹಿಡಿದು ನಿಂತಳು. ತನ್ನ ಹೆಸರನ್ನು ಅವಳು ಒಂದು ಸಲವೂ ಬರೆದು ನೋಡಿರಲಿಲ್ಲ. ಒಂದೊಂದೇ ಅಕ್ಷರ ನೆನೆದು ನೆನೆದು ಬರೆದಳು.

"ಸ್ವಂತ ಹೆಸ್ರು ಬರಿಯೋಕೆ ಇಷ್ಟೊತ್ತಾ? ಬೇರೆಯವ್ರ ಸರ್ಟಿಫಿಕೇಟ್ ತಂದಿದ್ದೀಯಾ?"

"ಇಲ್ಲ ಸರ್, ನಾನೇ ಕಲಿತದ್ದು."

"ಸೋಮವಾರ ಬೆಳಿಗ್ಗೆ ಸರಿಯಾದ ಸರ್ಟಿಫಿಕೇಟ್ ತಗೊಂಡ್ ಬಾ. ಇಲ್ದಿದ್ರೆ ಮುಂದಿನವ್ರನ್ನ ಕರೀತೀವಿ."

ಬಸ್ಸು ಹಲಸೂರು ಮುಟ್ಟಿತು. ಅವಳು ಕಿಟಕಿಯ ಕಡೆ ಮುಖ ಮಾಡಿಕೊಂಡೇ ಹೇಳಿದಳು. "ಶುರೂಕ ಅಲ್ಲಿ ಯಾರರ ಆ ಹೆಸರಲೆ ಕರದ್ರ ನಾ ತಿರುಗಿ ನೋಡ್ತಿದ್ದಿಲ್ಲ, ಆಯಿ. ನಂಗ ಕಿವಿ ಕೇಳಂಗಿಲ್ಲ ಅಂತ ತಿಳಕೊಂಡು ಮುಂದ ಕುಂದರಿಸಿಕೊಂಡ್ರು. ಜೋರಾಗಿ ಮಾತಾಡ್ತಿದ್ರು."

ನನಗೆ ನಗು ಬರಬೇಕಿತ್ತು. ಬರಲಿಲ್ಲ.

ಶನಿವಾರ ಬೆಳಿಗ್ಗೆ ವಿಹಾರಕ್ಕೆ ಹೋದೆವು. ಆಗಲೂ ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಬೇರೆಯೇ. ಈಗ ನಮ್ಮ ಜುಟ್ಟು ಇವರ ಕೈಗೆ ಸಿಕ್ಕಿತು, ಈಗ ಕೇಳುತ್ತಾರೆ ತಮಗೆ ಬೇಕಾದದ್ದನ್ನು. ಟೀಚರಮ್ಮನ ಮುಂದೆ ನಿಂತು ಎಲ್ಲವನ್ನೂ ಹೇಳಿದೆ. ಲಾರಿಯಿಂದ ಹಿಡಿದು ತಿಪ್ಪೆಯವರೆಗೆ.

ಅವರ ಮುಖ ಕೆಂಪಾಯಿತು. "ಹತ್ತು ತಿಂಗಳು ಈ ಮಗೂನ ಸತ್ತವರ ಹೆಸರಲ್ಲಿ ಕೂಗಿದ್ದೀನಲ್ಲಮ್ಮ ನಾನು! ನಮ್ಮ ಮೇಲೆ ನಂಬಿಕೆ ಇಲ್ದಿದ್ರೆ ಕಳಿಸ್ಬಾರ್ದಿತ್ತು. ಕಳಿಸಿದ್ಮೇಲೆ ಈ ಕಳ್ಳಾಟ ಯಾಕೆ?"

ಹುಡುಗಿ ತಲೆ ತಗ್ಗಿಸಿದಳು. ಟೀಚರಮ್ಮ ರಿಜಿಸ್ಟರು ತಂದು ನನ್ನ ಮುಂದೆ ಧಪ್ಪೆಂದು ಇಟ್ಟರು. "ಓದಿ. ಏನಿದೆ ಅಂತ ನೀವೇ ಓದಿ."

ಬೆರಳಿಟ್ಟು ಓದಿದೆ. ಹೆಸರು. ವಯಸ್ಸು. ಮನೆ ಎಲ್ಲಿ. ಯಾವ ಕೆಲಸ ಕಲಿಯಬೇಕು. ಕೆಲಸ ಸಿಕ್ಕಿದ್ದು ಎಲ್ಲಿ. ಜಾತಿಯೂ ಇರಲಿಲ್ಲ, ಧರ್ಮವೂ ಇರಲಿಲ್ಲ. ಹಿಂದಿನ ಪುಟ ನೋಡಿದೆ, ಕೊನೆಯ ಪುಟ ನೋಡಿದೆ, ರಟ್ಟಿನ ಒಳಗಡೆಯೂ ನೋಡಿದೆ.

"ಇನ್ನೊಂದು ಬುಕ್ಕು ಐತೇನ್ರಿ?" ಎಂದು ಕೇಳಿದೆ.

"ಇದೆ," ಎಂದರು. ಸಿಕ್ಕಿಬಿದ್ದರು!

ಕಪಾಟಿನಿಂದ ತೆಳ್ಳನೆಯ ನೋಟುಬುಕ್ಕು ತಂದರು. ಸೋಮವಾರ ಯಾವ ಮನೆಯಿಂದ ಚಹಾ, ಮಂಗಳವಾರ ಯಾವ ಮನೆಯಿಂದ. ವಿಹಾರಕ್ಕೆ ಬರುವ ಮನೆಗಳು ಸರದಿ ಹಾಕಿಕೊಂಡಿದ್ದವು. ಕೆಲಸ ಮುಗಿಸಿ ಹಸಿದು ಬಂದವರ ತಲೆಗೆ ಅಕ್ಷರ ಇಳಿಯುವುದಿಲ್ಲವೆಂದು ಅವರೇ ಮಾಡಿಕೊಂಡ ಏರ್ಪಾಡು. ದೇವರ ಜಾಗ ಎಂದರೆ ನಾನು ಕಂಡದ್ದು ಕಾಯಿ ಒಡೆಸಿ ಕೈಮುಗಿದು ಬರುವುದು. ದೇವರ ಮುಂದೆ ಹೊಲಿಗೆ ಮಷಿನ್ ಓಡಿಸಿ, ಊರವರ ಮಕ್ಕಳಿಗೆ ಮನೆಯಿಂದ ಚಹಾ ಹೊತ್ತು ತರುವವರನ್ನು ಕಂಡಿರಲಿಲ್ಲ. ಕಂಡಿರದಿದ್ದನ್ನು ನಂಬುವ ಅಭ್ಯಾಸವೂ ನನಗಿರಲಿಲ್ಲ.

"ಈಗ ಏನ ಮಾಡಬೇಕ್ರಿ?" ಎಂದೆ. ನನ್ನ ದನಿ ನನಗೇ ಸಣ್ಣದಾಗಿ ಕೇಳಿಸಿತು.

"ಬಾಯಲ್ಲಿ ಹೇಳಿದ್ರಿ ಅಂತ ಹೆಸ್ರು ತಿದ್ದಕ್ಕಾಗಲ್ಲ. ನಾಳೆ ಯಾರೋ ಬಂದು ಈ ಸರ್ಟಿಫಿಕೇಟ್ ನಂದು ಅಂತಾರೆ. ಸುಳ್ಳು ಹೆಸ್ರು ಕೊಟ್ಟೋರು ನೀವು. ಈ ಪುಟದಲ್ಲಿ ನಿಮ್ಮ ಕೈಯಾರೆ ಬರೀರಿ. ಆಮೇಲೆ ವಿಹಾರದ ಅಧ್ಯಕ್ಷರ ಹತ್ರ ಹೊಸದಕ್ಕೆ ಸೈನ್ ಹಾಕ್ಸೋದು ನನ್ನ ಜವಾಬ್ದಾರಿ."

"ನಂದು ಎರಡನೇ ಇಯತ್ತೆ ರೀ. ಹೆಬ್ಬೆಟ್ಟು ಒತ್ತಲೇನು?"

"ಸುಳ್ಳು ಹೇಳೋವಾಗ ಹೆಬ್ಬೆಟ್ಟು ಒತ್ತಿದ್ರಾ? ಬಾಯಿ ತುಂಬ ಹೇಳಿದ್ರಲ್ಲ. ಬರೀರಿ."

ಮೊಮ್ಮಗಳ ಕಡೆ ನೋಡಿದೆ. ಅವಳು ಎದ್ದು ಹೋಗಿ ಮಷಿನ್ ಮುಂದೆ ಕೂತಳು. ನಾನು ಪೆನ್ನು ಹಿಡಿದೆ. ಹತ್ತಿ ಬಿಡಿಸಿ, ಕಲ್ಲು ಹೊತ್ತು ಬಿರುಸಾದ ಬೆರಳು ಪೆನ್ನಿಗೆ ಬಾಗಲೊಲ್ಲದು. 'ನಾನು ಹೇಳಿದ ಹೆಸರು ಸುಳ್ಳು. ಆಕೆ ಸತ್ತಿದ್ದಾಳೆ. ಕಲಿತವಳು ನನ್ನ ಮೊಮ್ಮಗಳು. ಅವಳ ನಿಜ ಹೆಸರು' ಎಂದು ಬರೆದು, ಅವಳ ಹೆಸರು ಬರೆದೆ. ನಾಲ್ಕು ಸಾಲಿಗೆ ಮಧ್ಯಾಹ್ನವಾಯಿತು. ನಡುವೆ ಟೀಚರಮ್ಮ ತಮ್ಮ ಮನೆಯಿಂದಲೇ ಚಹಾ ತರಿಸಿದರು. ಕುಡಿದೆ. ಕೆಳಗೆ ನನ್ನ ಹೆಸರು ಹಾಕಿದೆ.

ಟೀಚರಮ್ಮ ಓದಿದರು. ನನ್ನ ಹೆಸರಿನ ಮೇಲೆ ಅವರ ಕಣ್ಣು ನಿಂತಿತು. ಕನ್ನಡಕ ಸರಿಮಾಡಿಕೊಂಡರು. "ಇದು ನಿಮ್ಮ ನಿಜವಾದ ಹೆಸರು ತಾನೇ? ತಿಪ್ಪೆ ಅಂತಿದೆಯಲ್ಲಮ್ಮ."

"ಅಯ್ಯ, ನನ್ನ ಮ್ಯಾಲ ಗುಮಾನಿ ಮಾಡ್ತೀರೇನ್ರಿ?" ಎಂದೆ.

ಹಿಂದೆ ಮಷಿನ್ ನಿಂತಿತು. ಶುಕ್ರವಾರದಿಂದ ಮೊದಲ ಸಲ ಹುಡುಗಿ ನಕ್ಕಳು, ಹೊಟ್ಟೆ ಹಿಡಿದುಕೊಂಡು. ಟೀಚರಮ್ಮನೂ ತಡೆದುಕೊಳ್ಳಲಿಲ್ಲ.

ಭಾನುವಾರ ಅಧ್ಯಕ್ಷರ ಸಹಿ ಬಿದ್ದ ಹೊಸ ಸರ್ಟಿಫಿಕೇಟು ಮನೆಗೇ ಬಂತು. ಅಂದು ಸಂಜೆಯೆಲ್ಲ ಅವಳು ಹಳೆಯ ಕ್ಯಾಲೆಂಡರಿನ ಹಿಂದೆ ತನ್ನ ಹೆಸರು ಬರೆದಳು, ಹಾಳೆ ತುಂಬುವ ತನಕ. ಸೋಮವಾರ ಗುಮಾಸ್ತರು ಕಾರ್ಡು, ಹೊಸ ಸರ್ಟಿಫಿಕೇಟು ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ, ಮತ್ತೆ ಹೆಸರು ಬರೆಸಿ, ಹೊಲಿಗೆ ಕೋಣೆಗೆ ಕಳಿಸಿದರು. ವಾರ್ಡಿನ ಚೀಟಿ ಓದಿ ಅದರಲ್ಲಿರುವ ಅಳತೆಗೆ ದಿಂಬಿನ ಚೀಲ ಹೊಲಿಯಬೇಕಂತೆ. ಬೆಂಚಿನ ಮೇಲೆ ಕೂತ ನಾನು ಫೈಲು ಹಿಡಿದು ಒಳಗೆ ಹೋದ ಪ್ರತಿಯೊಬ್ಬರನ್ನೂ ಅನುಮಾನದಿಂದ ನೋಡಿದೆ. ಇವಳೇ ಇರಬೇಕು, ಯಾರದೋ ಶಿಫಾರಸು ತಂದವಳು. ಅವನೇ ಇರಬೇಕು, ಇಲ್ಲ ಎನ್ನಿಸಲು ಹೋದವನು. ಒಂದು ತಾಸಿನ ಮೇಲೆ ಅವಳು ಓಡುತ್ತ ಬಂದಳು. ಆಸ್ಪತ್ರೆಯಲ್ಲಿ ಓಡಬಾರದೆಂದು ನರ್ಸಮ್ಮ ಬೈದದ್ದೂ ಅವಳಿಗೆ ಕೇಳಲಿಲ್ಲ.

"ಆಯಿ, ನಾಳಿಂದನ ಬಾ ಅಂದ್ರು!"

ಆ ಸಂಜೆ ಸೊಸೆ ಕೆಲಸದಿಂದ ಬೇಗ ಬಂದು ಜೋಳದ ರೊಟ್ಟಿ ತಟ್ಟಿದಳು, ಪುಂಡಿಪಲ್ಯ ಮಾಡಿದಳು. ನಾನು ಗೋಧಿ ಹುಗ್ಗಿ ಇಟ್ಟೆ. ನಮ್ಮ ಕೋಣೆಯಲ್ಲಿ ನಾಲ್ಕು ಜನ ಒಟ್ಟಿಗೆ ಕೂರುವಷ್ಟು ನೆಲವಿಲ್ಲ. ದಿನಾ ಇಬ್ಬಿಬ್ಬರಾಗಿ ಉಣ್ಣುತ್ತಿದ್ದೆವು. ಮಗ ಬಂದವನೇ ಸುದ್ದಿ ಕೇಳಿ ಟ್ರಂಕನ್ನು ಎತ್ತಿ ಬಾಗಿಲ ಹೊರಗೆ ಇಟ್ಟು ಜಾಗ ಮಾಡಿದ.

"ಯವ್ವಾ, ಟ್ರಂಕ ಯಾರರ ಒಯ್ದಾರು ಅಂತ ಬಾಗಲ ಕಡೆ ನೋಡಕೋತ ಕುಂದರಬ್ಯಾಡ," ಎಂದ.

"ಒಯ್ದ್ರ ಒಯ್ಯಲಿ ಬಿಡು, ಇವತ್ತ," ಎಂದೆ.

ಬೆಳಿಗ್ಗೆ ಯಾವ ಬಸ್ಸು ಹತ್ತಬೇಕು, ಎಷ್ಟು ಹೊತ್ತಿಗೆ ಮನೆ ಬಿಡಬೇಕು ಎಂದು ಅವಳು ಹೇಳುತ್ತಿದ್ದಳು. ಸ್ಟಾಪಿನ ತನಕ ತಾನೇ ಬರುತ್ತೇನೆಂದು ಮಗ ಹೇಳಿದ. ಹುಗ್ಗಿಯ ಮೇಲೆ ತುಪ್ಪ ಹಾಕುವಾಗ ನಾನು ಕೈ ಬಿಗಿ ಹಿಡಿಯಲಿಲ್ಲ. ರೊಟ್ಟಿ ಸಾಲದೆ ಸೊಸೆ ಮತ್ತೆ ಒಲೆಯ ಮುಂದೆ ಕೂತಳು. ಅವಳು ತಟ್ಟಿ ಮುಗಿಸಿ ಬಂದು ಮಗಳ ಪಕ್ಕದಲ್ಲಿ ಕೂರುವವರೆಗೂ ನಾವು ಮೂವರೂ ತಟ್ಟೆಯ ಮುಂದೆ ಕೈಕಟ್ಟಿ ಕಾದೆವು. ಆಮೇಲೆ ನಾಲ್ಕೂ ಜನ ಒಟ್ಟಿಗೆ ಉಂಡೆವು.